ಮನೆವಾರ್ತೆ: ಗಣಕದ ಪರದೆ ಕಣವೋ, ಹಗೇವೋ?

ಸುಗ್ಗಿಯ ದಿನಗಳಲ್ಲಿ ರೈತನು ಕಣ ಮಾಡುವುದನ್ನು ನಮ್ಮ ವಾಚಕರಲ್ಲಿ ಬಹುಮಂದಿ ಕಂಡಿರುವರು. ನೆಲವನ್ನು ಹದಮಾಡಿ, ಸಾರಿಸಿ, ತೆನೆಯನ್ನು ಹರವಿ, ತುಳಿಸಿ, ಗಾಳಿಗೆ ತೂರಿ, ಕೊನೆಗೆ ರಾಶಿ ಮಾಡುವರು. ರಾಶಿಯಾದ ಮೇಲೆ ಕಾಳು ಕಣದಲ್ಲಿ ನಿಲ್ಲತಕ್ಕದ್ದಲ್ಲ. ಅದು ಹಗೇವಿಗೆ ಹೋಗತಕ್ಕದ್ದು. ಕಣವು ಕೆಲಸದ ಸ್ಥಳ, ಹಗೇವು ಕಾಪಿಡುವ ಸ್ಥಳ. ಈ ಭೇದವನ್ನು ಅಕ್ಷರವರಿಯದ ಹಿರಿಯರೂ ಬಲ್ಲರು. ಆದರೆ ಅಕ್ಷರಸ್ಥರಾದ ಗೃಹಸ್ಥರಲ್ಲಿ ಅನೇಕರು ಗಣಕಯಂತ್ರದ ಮುಂದೆ ಕುಳಿತೊಡನೆ ಇದನ್ನು ಮರೆಯುವರು. ಅವರ ಪರದೆಯ ಮೇಲೆ ಹತ್ತಾರು ಕಿಟಕಿಗಳು ಒಂದರ ಮೇಲೊಂದು ಬಿದ್ದಿರುವುವು. ಕಿಟಕಿಗಳನ್ನೆಲ್ಲ ಸರಿಸಿದರೆ ಕೆಳಗೆ ಮೂರು ವರ್ಷದ ಕಾಗದಪತ್ರಗಳು ಹುಡಿಹುಡಿಯಾಗಿ ಹರಡಿರುವುವು. ಕೆಲಸವೂ ಅಲ್ಲಿಯೇ, ಕಾಪಿಡುವುದೂ ಅಲ್ಲಿಯೇ. ಇದರಿಂದ ಸಂಸಾರಕ್ಕೆ ಒದಗುವ ತೊಂದರೆ ಸಣ್ಣದಲ್ಲವೆಂಬುದನ್ನೂ, ಅದನ್ನು ಕಳೆದುಕೊಳ್ಳುವ ಉಪಾಯಗಳು ಸುಲಭವಾದವುಗಳೆಂಬುದನ್ನೂ ಈ ತಿಂಗಳು ತಿಳಿಸಬೇಕೆಂದಿರುವೆವು.

ಗಣಕವು ಬಹುಮಟ್ಟಿಗೆ ಆಟಕ್ಕೂ ಚಲನಚಿತ್ರಕ್ಕೂ ಉಪಯೋಗವಾಗುವ ಮನೆಯಲ್ಲಿ ಪರದೆ ಹೇಗಿದ್ದರೂ ನಡೆದೀತು. ಆದರೆ ಬೀದರ ನಗರದಲ್ಲಿಯೂ ಭಾಲ್ಕಿ, ಔರಾದ ತಾಲೂಕುಗಳಲ್ಲಿಯೂ ಇರುವ ಮನೆಗಳನ್ನು ನೋಡಿರಿ. ಆ ಸೀಮೆಯ ಹಳೆಯ ಮನೆತನದ ಸಂದೂಕದಲ್ಲಿ ನಾಲ್ಕು ಬಗೆಯ ಲಿಪಿಗಳು ಕಾಣುವುದು ಅಪೂರ್ವವಲ್ಲ. ೧೯೪೮ರ ವರೆಗೆ ಅದು ನಿಜಾಮರ ಆಳಿಕೆಗೆ ಒಳಪಟ್ಟಿತ್ತಾದ್ದರಿಂದ ಅಜ್ಜನ ಕಾಲದ ಜಮೀನಿನ ಕಾಗದಗಳು ಉರ್ದುವಿನಲ್ಲಿರುವುವು. ಆಗ ಶಾಲೆಯಲ್ಲಿ ಕನ್ನಡಕ್ಕೆ ಎಡೆಯಿರಲಿಲ್ಲ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದುದು ಆ ಪ್ರಾಂತದಲ್ಲಿ ಮನೆಮಾತಾಗಿರುವುದು. ೧೯೫೬ರ ನವೆಂಬರ್ ೧ರಂದು ಬೀದರವು ಮೈಸೂರು ರಾಜ್ಯಕ್ಕೆ ಸೇರಿತು. ಆ ತರುವಾಯದ ಪಹಣಿ, ಪ್ರಮಾಣಪತ್ರಗಳು ಕನ್ನಡದಲ್ಲಿರುವುವು. ಔರಾದವು ನಮ್ಮ ರಾಜ್ಯದ ಉತ್ತರದ ತುದಿಯ ತಾಲೂಕು. ಮಹಾರಾಷ್ಟ್ರಕ್ಕೂ ತೆಲಂಗಾಣಕ್ಕೂ ತಾಗಿಕೊಂಡಿರುವುದು. ಉದಗೀರದ ಕಡೆಯಿಂದ ಬಂದ ಸೊಸೆಯ ಶಾಲೆಯ ದಾಖಲೆ ಮರಾಠಿಯಲ್ಲಿರುವುದು ಅಲ್ಲಿ ಸಹಜ. ಇನ್ನು ಮಕ್ಕಳ ಕಾಲೇಜಿನ ಅರ್ಜಿಗಳಿಗೆ ಹೆಸರನ್ನು ಇಂಗ್ಲಿಷಿನಲ್ಲಿ ತುಂಬಬೇಕು. ಇಷ್ಟು ಲಿಪಿಗಳ ಕಾಗದಗಳು ಒಂದೇ ಚಿಕ್ಕ ಪರದೆಯ ಮೇಲೆ ಬಂದು ಸೇರುವ ದಿನ, ಸ್ಥಳದ ವಿಚಾರವು ಬರಿಯ ಅಚ್ಚುಕಟ್ಟಿನ ವಿಚಾರವಾಗಿ ಉಳಿಯುವುದಿಲ್ಲ.

ಉದಾಹರಣೆಗೆ ಔರಾದದ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮಗಳು ಪಿಯುಸಿ ಮುಗಿಸುತ್ತಿರುವಳು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಅರ್ಜಿಯನ್ನು ತುಂಬಬೇಕಾಗಿದೆ. ಆ ಅರ್ಜಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರಗಳ ಮೇಲಿರುವ, ಆರ್.ಡಿ. ಎಂದು ತೊಡಗುವ ಉದ್ದನೆಯ ಸಂಖ್ಯೆಯನ್ನು ಒಂದಂಕಿಯೂ ತಪ್ಪದಂತೆ ಬರೆಯಬೇಕು. ಸಂವಿಧಾನದ ೩೭೧-ಜೆ ವಿಧಿಯ ಸೌಲಭ್ಯವನ್ನು ಬಯಸುವೆವೆಂದು ಗುರುತು ಹಾಕಬೇಕು. ೨೦೧೨ರ ೯೮ನೆಯ ತಿದ್ದುಪಡಿಯ ಮೂಲಕ ಸೇರಿದ ಈ ವಿಧಿಯ ಆಧಾರದಿಂದ, ಈಗ ಕಲ್ಯಾಣ ಕರ್ನಾಟಕವೆಂದು ಕರೆಯಲ್ಪಡುವ ಸೀಮೆಯ ಮಕ್ಕಳಿಗೆ ಆ ಸೀಮೆಯ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ ೭೦ ಸ್ಥಾನಗಳೂ ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ ೮ ಸ್ಥಾನಗಳೂ ಮೀಸಲಾಗಿರುವುವು. ಇದಕ್ಕೆ ಅರ್ಹತಾ ಪ್ರಮಾಣಪತ್ರ ಬೇಕು. ಅದರಲ್ಲಿಯ ಹೆಸರೂ ಅಂಕಪಟ್ಟಿಯಲ್ಲಿಯ ಹೆಸರೂ ಒಂದಕ್ಕೊಂದು ಹೊಂದಬೇಕು. ಕನ್ನಡದಲ್ಲಿ ಬಿರಾದಾರ ಎಂದಿರುವ ಅಡ್ಡಹೆಸರು ಮರಾಠಿಯ ಕಾಗದದಲ್ಲಿ ಬಿರಾಜದಾರ ಎಂದಾಗುವುದು. ಪಾಟೀಲ ಎಂಬುದನ್ನು ಇಂಗ್ಲಿಷಿನಲ್ಲಿ ಒಬ್ಬರು ಒಂದು ಐ ಅಕ್ಷರದಿಂದಲೂ ಇನ್ನೊಬ್ಬರು ಎರಡು ಇ ಅಕ್ಷರಗಳಿಂದಲೂ ಬರೆಯುವರು. ಒಂದು ಕಾಗದದ ಕಿಟಕಿಯನ್ನು ನೋಡಿ, ನೆನಪಿನಲ್ಲಿಟ್ಟುಕೊಂಡು, ಅದನ್ನು ಮುಚ್ಚಿ, ಅರ್ಜಿಯ ಕಿಟಕಿಯನ್ನು ತೆರೆದು ಬರೆಯುವಾಗ ಅಕ್ಷರವೊಂದು ಜಾರಿದರೆ, ಆ ತಪ್ಪು ಕಣ್ಣಿಗೆ ಬೀಳುವುದು ದಾಖಲೆಗಳನ್ನು ತಾಳೆನೋಡುವ ದಿನ. ಆಮೇಲೆ ತಿದ್ದುಪಡಿಗಾಗಿ ಔರಾದದಿಂದಲೋ ಭಾಲ್ಕಿಯಿಂದಲೋ ನಲವತ್ತು ಕಿಲೋಮೀಟರಿನ ಆಸುಪಾಸಿನ ಬೀದರಕ್ಕೆ ಓಡಾಟ. ದಿನಗೂಲಿಯೂ ಬಸ್ಸಿನ ಹಣವೂ ವ್ಯರ್ಥ. ಕೆಲವೊಮ್ಮೆ ಆ ವರ್ಷದ ಸ್ಥಾನವೂ ಕೈತಪ್ಪುವುದು.

ಆದಕಾರಣ ಮೊದಲು ನಮ್ಮ ಕಣದ ಅಳತೆಯನ್ನು ತಿಳಿಯೋಣ. ಪರದೆಯ ಚಿತ್ರವೆಲ್ಲ ಸಾಸಿವೆಗಿಂತಲೂ ಸಣ್ಣದಾದ ಚುಕ್ಕಿಗಳಿಂದಾದುದು. ಹಳೆಯ ಮಡಿಸುವ ಗಣಕಗಳಲ್ಲಿ ಅಡ್ಡಕ್ಕೆ ೧೩೬೬, ಎತ್ತರಕ್ಕೆ ೭೬೮ ಚುಕ್ಕಿಗಳಿರುವುವು. ಒಟ್ಟು ಹತ್ತೂವರೆ ಲಕ್ಷದಷ್ಟು. ಈಚಿನವುಗಳಲ್ಲಿ ೧೯೨೦ ಮತ್ತು ೧೦೮೦. ಒಟ್ಟು ಇಪ್ಪತ್ತು ಲಕ್ಷದ ಮೇಲೆ. ಇನ್ನು ಅರ್ಜಿ ಮುದ್ರಿಸುವ ಎ-೪ ಅಳತೆಯ ಹಾಳೆಯು ಗಣಕದ ರೂಢಿಯ ಲೆಕ್ಕದಲ್ಲಿ ೭೯೪ ಚುಕ್ಕಿ ಅಗಲ, ೧೧೨೩ ಚುಕ್ಕಿ ಉದ್ದವಾಗುವುದು. ಆದುದರಿಂದ ಪೂರ್ಣ ಪ್ರಮಾಣದಲ್ಲಿ ಒಂದು ಹಾಳೆಯ ಉದ್ದವು ಹಳೆಯ ಪರದೆಯಲ್ಲಿಯೂ ಹಿಡಿಸದು, ಹೊಸದರಲ್ಲಿಯೂ ಹಿಡಿಸದು. ಎರಡು ಹಾಳೆಗಳನ್ನು ಪಕ್ಕಪಕ್ಕಕ್ಕೆ ಇಡಲು ೧೫೮೮ ಚುಕ್ಕಿಗಳ ಅಗಲ ಬೇಕು. ಹೊಸ ಪರದೆಯಲ್ಲಿ ಅಷ್ಟುಂಟು, ಹಳೆಯದರಲ್ಲಿಲ್ಲ. ಹಳೆಯದರಲ್ಲಿ ಅಕ್ಷರಗಳನ್ನು ನೂರಕ್ಕೆ ೮೦ರಷ್ಟಕ್ಕೆ ಕುಗ್ಗಿಸಿದರೆ ಎರಡೂ ಕೂಡುವುವು. ಕಂಟ್ರೋಲ್ ಕೀಲಿಯನ್ನು ಅದುಮಿಕೊಂಡು ಕಳೆಯುವ ಚಿಹ್ನೆಯನ್ನು ಒತ್ತಿದರೆ ಅಕ್ಷರ ಕುಗ್ಗುವುದು, ಕೂಡಿಸುವ ಚಿಹ್ನೆಯನ್ನು ಒತ್ತಿದರೆ ಹಿಗ್ಗುವುದು, ಸೊನ್ನೆಯನ್ನು ಒತ್ತಿದರೆ ಮೊದಲಿನಂತಾಗುವುದು.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಹೊಸ ಗಣಕಗಳಲ್ಲಿ ಕಣ್ಣಿಗೆ ಹಿತವಾಗಲೆಂದು ಎಲ್ಲವನ್ನೂ ನೂರಕ್ಕೆ ೧೨೫ ಅಥವಾ ೧೫೦ರಷ್ಟು ದೊಡ್ಡದು ಮಾಡಿ ತೋರಿಸುವ ಏರ್ಪಾಡು ಮೊದಲೇ ಇರುವುದು. ೧೨೫ ಇದ್ದರೆ ೧೯೨೦ರ ಪರದೆಯು ೧೫೩೬ರ ಅಗಲದಷ್ಟೇ ಕೆಲಸ ಕೊಡುವುದು. ೧೫೦ ಇದ್ದರೆ ೧೨೮೦ ಮಾತ್ರ, ಅಂದರೆ ಹಳೆಯ ಪರದೆಗಿಂತಲೂ ಕಡಿಮೆ. ಹೆಚ್ಚು ಹಣ ಕೊಟ್ಟು ತಂದ ಗಣಕದಲ್ಲಿಯೂ ಸ್ಥಳ ಸಾಲದೆನ್ನುವವರು ವಿಂಡೋಸಿನ ಸೆಟ್ಟಿಂಗ್ಸ್ ಎಂಬಲ್ಲಿ ಡಿಸ್‌ಪ್ಲೇ ಎಂಬುದನ್ನು ತೆರೆದು ಸ್ಕೇಲ್ ಎಂಬ ಸಂಖ್ಯೆಯನ್ನು ನೋಡತಕ್ಕದ್ದು. ಹಿರಿಯರಿಗೆ ೧೫೦ ಬೇಕಾಗಬಹುದು. ಎಳೆಯ ಕಣ್ಣಿಗೆ ೧೦೦ ಸಾಕು. ಮತ್ತೊಂದು ಮಾತು: ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲಿಗೂ ಸಾಲಿಗೂ ನಡುವೆ ಇಂಗ್ಲಿಷಿಗಿಂತ ಹೆಚ್ಚು ಎಡೆ ಬೇಕು. ಕನ್ನಡವನ್ನೋದುವವರಿಗೆ ಪರದೆಯ ಎತ್ತರವು ಬಹು ಬೆಲೆಯುಳ್ಳದ್ದು. ಅದನ್ನು ಮೇಲಿನ ಪಟ್ಟಿಗಳಿಗೂ ಕೆಳಗಿನ ಪಟ್ಟಿಗೂ ಸುಮ್ಮನೆ ಬಿಟ್ಟುಕೊಡಬಾರದು.

ಈ ಎತ್ತರವನ್ನು ಮರಳಿ ಪಡೆಯುವ ಉಪಾಯವೇ ಪೂರ್ಣ ಕಿಟಕಿ. ಪರದೆಯ ಮೇಲೆ ತೆರೆದುಕೊಳ್ಳುವ ಒಂದೊಂದು ಚೌಕಕ್ಕೂ ಕಿಟಕಿಯೆಂದು ಹೆಸರಷ್ಟೆ. ಅದನ್ನು ದೊಡ್ಡದು ಮಾಡುವುದರಲ್ಲಿ ಎರಡು ಬಗೆಗಳುಂಟು. ಜನರು ಎರಡನ್ನೂ ಒಂದೆಂದು ತಿಳಿಯುವರು. ಕಿಟಕಿಯ ಬಲಮೂಲೆಯಲ್ಲಿರುವ ಚೌಕದ ಗುರುತನ್ನು ಒತ್ತಿದರೆ, ಇಲ್ಲವೆ ವಿಂಡೋಸ್ ಕೀಲಿಯೊಡನೆ ಮೇಲ್ಮುಖದ ಬಾಣವನ್ನು ಒತ್ತಿದರೆ, ಕಿಟಕಿಯು ಪರದೆಯನ್ನು ತುಂಬುವುದು. ಆದರೆ ಮೇಲಿನ ಹೆಸರುಪಟ್ಟಿಯೂ ವಿಳಾಸಪಟ್ಟಿಯೂ ಕೆಳಗಿನ ಟಾಸ್ಕ್‌ಬಾರೂ ಉಳಿದಿರುವುವು. ಇದು ಹಿಗ್ಗಿಸಿದ ಕಿಟಕಿ. ಎಫ್ ೧೧ ಎಂಬ ಕೀಲಿಯನ್ನು ಒತ್ತಿದರೆ ಬ್ರೌಸರಿನಲ್ಲಿ ಈ ಪಟ್ಟಿಗಳೆಲ್ಲ ಮರೆಯಾಗಿ ಓದತಕ್ಕ ವಿಷಯವೊಂದೇ ಅಂಚಿನಿಂದಂಚಿಗೆ ನಿಲ್ಲುವುದು. ಇದು ಪೂರ್ಣ ಪರದೆ. ಅದೇ ಕೀಲಿಯನ್ನು ಮತ್ತೆ ಒತ್ತಿದರೆ ಎಲ್ಲವೂ ಮರಳುವುದು. ಕೆಲವು ಗಣಕಗಳಲ್ಲಿ ಎಫ್ಎನ್ ಎಂಬ ಕೀಲಿಯನ್ನೂ ಕೂಡಿಸಿ ಒತ್ತಬೇಕಾಗುವುದು.

ಪೂರ್ಣ ಪರದೆಯು ಏಕಾಗ್ರತೆಯ ಕೆಲಸಕ್ಕೆ ತಕ್ಕುದು. ಪಾಠವನ್ನೋದುವಾಗ, ಉದ್ದನೆಯ ಕನ್ನಡ ಲೇಖನವನ್ನೋದುವಾಗ, ಪರೀಕ್ಷೆಯ ಅಭ್ಯಾಸ ಮಾಡುವಾಗ ಅದು ಬಹಳ ಸಹಾಯಕ. ಇಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್ ಪರೀಕ್ಷೆಯನ್ನು ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯು ೨೦೧೯ರಿಂದ ಗಣಕದ ಮೇಲೆಯೇ ನಡೆಸುತ್ತಿರುವುದು. ಮೂರು ಗಂಟೆಗಳ ಕಾಲ ಒಂದೇ ಪರದೆ, ಅತ್ತಿತ್ತ ಹೋಗುವಂತಿಲ್ಲ. ಮನೆಯಲ್ಲಿ ಹತ್ತು ಕಿಟಕಿಗಳ ನಡುವೆ ಕುಳಿತು ಓದಿದ ಮಗುವಿಗೆ ಆ ಮೂರು ಗಂಟೆಗಳು ಹೊಸ ದೇಶದಂತೆ ತೋರುವುವು. ವಾರಕ್ಕೆ ಒಂದೆರಡು ಸಲ ಪೂರ್ಣ ಪರದೆಯಲ್ಲಿ, ಗಡಿಯಾರವನ್ನು ಪಕ್ಕದಲ್ಲಿಟ್ಟು, ಅಭ್ಯಾಸ ಮಾಡಿಸುವುದು ತಂದೆತಾಯಿಗಳಿಂದ ಆಗತಕ್ಕ ಕೆಲಸ. ಇದಕ್ಕೆ ಕಾಸು ಖರ್ಚಿಲ್ಲ.

ಆದರೆ ಪೂರ್ಣ ಪರದೆಯು ಅಪಾಯವನ್ನೂ ಮರೆಮಾಡಬಲ್ಲುದು. ವಿಳಾಸಪಟ್ಟಿಯು ಕಾಣದಿದ್ದಾಗ ನಾವು ಯಾರ ಮನೆಯ ಜಗಲಿಯ ಮೇಲೆ ಕುಳಿತಿರುವೆವೆಂಬುದೇ ತಿಳಿಯದು. ಮೋಸಗಾರರು ಇದನ್ನು ಚೆನ್ನಾಗಿ ಬಲ್ಲರು. ಏನನ್ನೋ ಒತ್ತಿದೊಡನೆ ಪರದೆಯೆಲ್ಲ ಕೆಂಪಾಗಿ, “ನಿಮ್ಮ ಗಣಕಕ್ಕೆ ರೋಗ ತಗುಲಿದೆ, ಒಡನೆ ಈ ಸಂಖ್ಯೆಗೆ ಕರೆಮಾಡಿರಿ” ಎಂದು ಎಚ್ಚರಿಕೆ ಮೂಡುವುದು. ಗಂಟೆ ಬಾರಿಸಿದಂತೆ ಸದ್ದು ಬರುವುದು. ಮುಚ್ಚುವ ಗುರುತು ಎಲ್ಲಿಯೂ ಕಾಣದು. ಮನೆಯಲ್ಲಿ ಮುದುಕರೊಬ್ಬರೇ ಇದ್ದರೆ ಗಾಬರಿಯಿಂದ ಕರೆಮಾಡಿ ಬ್ಯಾಂಕಿನ ಗುಟ್ಟನ್ನೆಲ್ಲ ಹೇಳಿಬಿಡುವ ಸಂಭವವುಂಟು. ಅಂಥ ಪರದೆಯು ಬರಿಯ ಚಿತ್ರವೇ ಹೊರತು ಗಣಕವೇನೂ ಕೆಟ್ಟಿರುವುದಿಲ್ಲ. ಕೀಲಿಮಣೆಯ ಎಡಮೂಲೆಯ ಎಸ್ಕೇಪ್ ಕೀಲಿಯನ್ನು ಸ್ವಲ್ಪ ಹೊತ್ತು ಅದುಮಿ ಹಿಡಿಯಬೇಕು. ಆಗದಿದ್ದರೆ ಆಲ್ಟ್ ಕೀಲಿಯೊಡನೆ ಎಫ್ ೪ ಒತ್ತಬೇಕು. ಅದೂ ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಕೂಡಿ ಒತ್ತಿ, ಬರುವ ಪಟ್ಟಿಯಲ್ಲಿ ಬ್ರೌಸರನ್ನು ಆರಿಸಿ ಮುಗಿಸಿಬಿಡಬೇಕು. ಪರದೆಯ ಮೇಲೆ ತಾನಾಗಿ ಬಂದ ದೂರವಾಣಿ ಸಂಖ್ಯೆಗೆ ಎಂದೂ ಕರೆಮಾಡತಕ್ಕದ್ದಲ್ಲ. ಹಣ ಹೋದುದೇ ನಿಜವಾದರೆ ತಡಮಾಡದೆ ೧೯೩೦ ಎಂಬ ಸರಕಾರದ ಸಹಾಯವಾಣಿಗೆ ತಿಳಿಸಬೇಕು. ಇದರೊಡನೆ ಮನೆಯವರೆಲ್ಲರಿಗೂ ಒಂದು ಕಟ್ಟಳೆಯನ್ನು ವಿಧಿಸಿರಿ: ಹಣದ ವ್ಯವಹಾರವನ್ನು ಹಿಗ್ಗಿಸಿದ ಕಿಟಕಿಯಲ್ಲಿ ಮಾಡಬಹುದು, ವಿಳಾಸ ಕಾಣದ ಪೂರ್ಣ ಪರದೆಯಲ್ಲಿ ಮಾಡಬಾರದು.

ಇನ್ನು ಎರಡು ಕಾಗದಗಳನ್ನು ಹೋಲಿಸಿ ನೋಡುವ ಕೆಲಸಕ್ಕೆ ಪೂರ್ಣ ಕಿಟಕಿ ಸಲ್ಲದು. ಅದಕ್ಕೆ ಅರ್ಧ ಕಿಟಕಿಯೇ ಬೇಕು. ಅರ್ಜಿಯ ಕಿಟಕಿಯಲ್ಲಿದ್ದುಕೊಂಡು ವಿಂಡೋಸ್ ಕೀಲಿಯೊಡನೆ ಎಡಬಾಣವನ್ನು ಒತ್ತಿರಿ. ಅದು ಪರದೆಯ ಎಡಭಾಗಕ್ಕೆ ಸರಿದು ಅರ್ಧದಲ್ಲಿ ನಿಲ್ಲುವುದು. ತೆರೆದಿರುವ ಉಳಿದ ಕಿಟಕಿಗಳು ಬಲಭಾಗದಲ್ಲಿ ಚಿಕ್ಕದಾಗಿ ತೋರುವುವು. ಅಂಕಪಟ್ಟಿಯದನ್ನು ಒತ್ತಿದರೆ ಅದು ಬಲದ ಅರ್ಧವನ್ನು ತುಂಬುವುದು. ನಡುವಿನ ಗೆರೆಯನ್ನು ಮೌಸಿನಿಂದ ಹಿಡಿದೆಳೆದರೆ ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಸ್ಥಳ ಕೊಡಬಹುದು. ಹೀಗೆ ಮಾಡಿದ ಮೇಲೆ ಕಣ್ಣು ಎಡದಿಂದ ಬಲಕ್ಕೆ ಚಲಿಸಿದರೆ ಸಾಕು. ನೆನಪಿನ ಮೇಲೆ ಭಾರ ಹಾಕಬೇಕಾಗಿಲ್ಲ. ಒಬ್ಬರು ಬಲಗಡೆಯ ಕಾಗದದಿಂದ ಹೆಸರನ್ನು ಅಕ್ಷರಕ್ಷರವಾಗಿ ಓದುತ್ತಿರಲಿ, ಇನ್ನೊಬ್ಬರು ಎಡಗಡೆಯ ಅರ್ಜಿಯಲ್ಲಿ ಬೆರಳಿಟ್ಟು ತಾಳೆನೋಡಲಿ. ಆರ್.ಡಿ. ಸಂಖ್ಯೆಯನ್ನಂತೂ ಮೂರು ಮೂರು ಅಂಕಿಗಳಾಗಿ ಬಿಡಿಸಿ ಓದುವುದು ಮೇಲು. ಉರ್ದು ಅಥವಾ ಮರಾಠಿಯ ಕಾಗದವಿದ್ದರೆ ಆ ಲಿಪಿ ಬಲ್ಲ ಹಿರಿಯರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಆ ಭಾಗದ ಕಿಟಕಿಯಲ್ಲಿ ಮಾತ್ರ ಅಕ್ಷರವನ್ನು ಹಿಗ್ಗಿಸಿಕೊಡಿರಿ. ಕನ್ನಡಕವಿಟ್ಟ ಅಜ್ಜನೂ ಪಿಯುಸಿಯ ಮೊಮ್ಮಗಳೂ ಒಂದೇ ಪರದೆಯ ಮುಂದೆ ಕುಳಿತು ಮಾಡಿದ ಅರ್ಜಿಯಲ್ಲಿ ತಪ್ಪು ನುಸುಳುವುದು ಕಷ್ಟ.

ಕಿಟಕಿಗಳನ್ನು ಪಕ್ಕಪಕ್ಕಕ್ಕೆ ಜೋಡಿಸುವುದು ಹೊಸತೆಂದು ಯಾರೂ ತಿಳಿಯಬಾರದು. ೧೯೮೫ರ ನವೆಂಬರಿನಲ್ಲಿ ಹೊರಬಂದ ಮೊದಲನೆಯ ವಿಂಡೋಸಿನಲ್ಲಿ ಕಿಟಕಿಗಳು ನೆಲಕ್ಕೆ ಹಾಸಿದ ಪರಸಿಗಲ್ಲಿನಂತೆ ಪಕ್ಕಪಕ್ಕಕ್ಕೇ ಇರುತ್ತಿದ್ದುವು. ಒಂದು ಇನ್ನೊಂದನ್ನು ಮುಚ್ಚುವಂತಿರಲಿಲ್ಲ. ೧೯೮೭ರ ಎರಡನೆಯದರಲ್ಲಿ ಒಂದರ ಮೇಲೊಂದು ಹೊದಿಸುವ ಸ್ವಾತಂತ್ರ್ಯ ಬಂದಿತು. ಅದರೊಡನೆ ಗೊಂದಲವೂ ಬಂದಿತು. ೧೯೮೬ರಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ಆಸ್ಟಿನ್ ಹೆಂಡರ್ಸನ್, ಸ್ಟೂಅರ್ಟ್ ಕಾರ್ಡ್ ಎಂಬ ಇಬ್ಬರು ಈ ಗೊಂದಲವನ್ನು ಪರೀಕ್ಷಿಸಿ ಒಂದು ಮಾತನ್ನು ಕಂಡುಕೊಂಡರು. ಜನರು ಕಿಟಕಿಗಳನ್ನು ಮನಸ್ಸಿಗೆ ಬಂದಂತೆ ತೆರೆಯುವುದಿಲ್ಲ. ಒಂದೊಂದು ಕೆಲಸಕ್ಕೆ ಕೆಲವು ಕಿಟಕಿಗಳು ಗುಂಪಾಗಿ ಬೇಕಾಗುವುವು. ಪರದೆ ಚಿಕ್ಕದಾದಾಗ ಒಂದು ಗುಂಪು ಇನ್ನೊಂದನ್ನು ನೂಕುವುದು. ಮಾಡುವವನ ಹೊತ್ತೆಲ್ಲ ಸರಿಸುವುದರಲ್ಲಿಯೇ ಹೋಗುವುದು. ಇದಕ್ಕೆ ಅವರು ಹೂಡಿದ ಉಪಾಯವು ಮನೆಯಿಂದಲೇ ಬಂದುದು: ಒಂದೊಂದು ಕೆಲಸಕ್ಕೆ ಒಂದೊಂದು ಕೋಣೆ. ಅದಕ್ಕೆ ಅವರಿಟ್ಟ ಹೆಸರೂ ಕೋಣೆಗಳೆಂದೇ.

ಈಗ ಆ ಕೋಣೆಗಳು ಎಲ್ಲರ ಗಣಕದಲ್ಲಿಯೂ ಉಂಟು. ವಿಂಡೋಸಿನಲ್ಲಿ ೨೦೧೫ರಿಂದ ಇರುವುವು. ವಿಂಡೋಸ್, ಕಂಟ್ರೋಲ್ ಕೀಲಿಗಳೊಡನೆ ಡಿ ಅಕ್ಷರವನ್ನು ಒತ್ತಿದರೆ ಹೊಸದೊಂದು ಬರಿದಾದ ಡೆಸ್ಕ್‌ಟಾಪ್ ತೆರೆದುಕೊಳ್ಳುವುದು. ಅದೇ ಎರಡು ಕೀಲಿಗಳೊಡನೆ ಎಡ, ಬಲದ ಬಾಣಗಳನ್ನೊತ್ತಿ ಒಂದರಿಂದ ಇನ್ನೊಂದಕ್ಕೆ ದಾಟಬಹುದು. ಒಂದು ಕೋಣೆಯಲ್ಲಿ ಮಗಳ ಅರ್ಜಿಯೂ ಪ್ರಮಾಣಪತ್ರವೂ ಇರಲಿ. ಇನ್ನೊಂದರಲ್ಲಿ ಅಂಗಡಿಯ ಲೆಕ್ಕವಿರಲಿ. ನಡುವೆ ಯಾರಾದರೂ ತೊಗರಿಯ ಧಾರಣೆಯನ್ನು ನೋಡಬೇಕೆಂದರೆ ಅರ್ಜಿಯ ಕಿಟಕಿಗಳನ್ನು ಕದಲಿಸದೆ ಬೇರೆ ಕೋಣೆಗೆ ಹೋಗಿ ನೋಡಿ ಬರಬಹುದು. ಮನೆಯವರೆಲ್ಲ ಒಂದೇ ಗಣಕವನ್ನು ಬಳಸುವುದಾದರೆ ಒಬ್ಬೊಬ್ಬರಿಗೆ ಒಂದೊಂದು ಬಳಕೆದಾರನ ಹೆಸರನ್ನೂ ಗುಪ್ತಪದವನ್ನೂ ಮಾಡಿಕೊಡುವುದು ಇನ್ನೂ ಲೇಸು. ಅದು ಬೇರೆ ಬೇರೆ ಪೆಟ್ಟಿಗೆಗಳನ್ನು ಕೊಟ್ಟಂತೆ. ಒಂದೇ ಕೋಣೆಯಲ್ಲಿ ಕಿಟಕಿಗಳು ಹೆಚ್ಚಾಗಿ ಏನೂ ತೋಚದಿದ್ದಾಗ ಆಲ್ಟ್ ಕೀಲಿಯನ್ನು ಅದುಮಿಕೊಂಡು ಟ್ಯಾಬ್ ಒತ್ತಿದರೆ ಒಂದೊಂದನ್ನಾಗಿ ದಾಟಬಹುದು. ವಿಂಡೋಸ್ ಕೀಲಿಯೊಡನೆ ಡಿ ಒತ್ತಿದರೆ ಎಲ್ಲವೂ ಕೆಳಗಿಳಿದು ನೆಲ ಕಾಣುವುದು, ಮತ್ತೊಮ್ಮೆ ಒತ್ತಿದರೆ ಎಲ್ಲವೂ ಮರಳಿ ಬರುವುವು.

ಆ ನೆಲವೇ ಡೆಸ್ಕ್‌ಟಾಪ್. ನಾವು ಕಣವೆಂದು ಹೇಳಿದುದು ಇದನ್ನೇ. ಇಳಿಸಿಕೊಂಡ ಕಡತವನ್ನೆಲ್ಲ “ಕಣ್ಣೆದುರಿಗೇ ಇರಲಿ” ಎಂದು ಇದರ ಮೇಲೆ ಬಿಡುವ ರೂಢಿ ಬಹಳ. ಹತ್ತು ಇದ್ದಾಗ ಕಣ್ಣೆದುರಿಗಿರುವುದು ನಿಜ. ನೂರಾದಾಗ ಯಾವುದೂ ಕಣ್ಣಿಗೆ ಬೀಳದು. ಇದಕ್ಕಿಂತ ಗಟ್ಟಿಯಾದ ಕಾರಣ ಇನ್ನೊಂದುಂಟು. ವಿಂಡೋಸಿನಲ್ಲಿ ಡೆಸ್ಕ್‌ಟಾಪು ಸಾಮಾನ್ಯವಾಗಿ ಸಿ ಡ್ರೈವಿನಲ್ಲಿರುವ ಒಂದು ಫೋಲ್ಡರು, ವಿಂಡೋಸಿರುವುದೂ ಅಲ್ಲಿಯೇ. ಗಣಕ ಕೆಟ್ಟಾಗ ರಿಪೇರಿಯವನು ಸಿ ಡ್ರೈವನ್ನು ಅಳಿಸಿ ಹೊಸದಾಗಿ ವಿಂಡೋಸನ್ನು ಹಾಕಿದರೆ, ಬೇರೆಡೆ ಪ್ರತಿಯಿಲ್ಲದ ಡೆಸ್ಕ್‌ಟಾಪಿನ ಕಡತಗಳೆಲ್ಲ ಅದರೊಡನೆ ಹೋಗುವುವು. ಅಕಾಲದ ಮಳೆಗೆ ಕಣದಲ್ಲಿಯ ರಾಶಿ ತೊಯ್ದುಹೋದಂತೆ, ಮದುವೆಯ ಚಿತ್ರಗಳೂ ಪಹಣಿಯ ಪ್ರತಿಗಳೂ ಒಂದೇ ಮಧ್ಯಾಹ್ನದಲ್ಲಿ ಇಲ್ಲವಾಗುವುವು. ಗಣಕವನ್ನು ರಿಪೇರಿಗೆ ಕೊಡುವ ಮುಂಚೆ ಡೆಸ್ಕ್‌ಟಾಪಿನಲ್ಲಿ ಏನಿದೆಯೆಂದು ನೋಡದೆ ಕೊಡಬಾರದು.

ಹಗೇವನ್ನು ಕಟ್ಟುವ ಬಗೆ ಹೀಗೆ. ಸಿ ಅಲ್ಲದೆ ಬೇರೊಂದು ಡ್ರೈವಿದ್ದರೆ ಅಲ್ಲಿ, ಇಲ್ಲವಾದರೆ ಡಾಕ್ಯುಮೆಂಟ್ಸ್ ಎಂಬ ಫೋಲ್ಡರಿನಲ್ಲಿ, ಮನೆಯ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಫೋಲ್ಡರನ್ನು ಮಾಡಿರಿ. ಜಮೀನು, ಮನೆ, ವಿಮೆಗಳಿಗೆ ಬೇರೆ ಫೋಲ್ಡರುಗಳಿರಲಿ. ಕಡತದ ಹೆಸರಿನಲ್ಲಿಯೇ ಯಾರದು, ಯಾವುದು, ಯಾವ ವರ್ಷದ್ದು ಎಂಬ ಮೂರೂ ಇರಲಿ. “ಸ್ಕ್ಯಾನ್ ೩೭” ಎಂಬ ಹೆಸರಿನಿಂದ ಎರಡು ವರ್ಷದ ಮೇಲೆ ಯಾರಿಗೂ ಏನೂ ತಿಳಿಯದು. “ಮಗಳು ಆದಾಯ ಪ್ರಮಾಣಪತ್ರ ೨೦೨೫” ಎಂದರೆ ಅಕ್ಷರ ಬಲ್ಲ ಯಾರಾದರೂ ಹುಡುಕಿಕೊಡುವರು. ಈ ಹಗೇವಿನ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲೋ ಹೊರಗಿನ ಡಿಸ್ಕಿನಲ್ಲೋ ಹಾಕಿ ಮೂಲ ಕಾಗದಗಳಿರುವ ಸಂದೂಕದಲ್ಲಿಡಿರಿ. ಡೆಸ್ಕ್‌ಟಾಪಿನ ಮೇಲೆ ಆ ವಾರದ ಕೆಲಸದ ನಾಲ್ಕಾರು ಕಡತಗಳಷ್ಟೇ ಇರಲಿ.

ಬರಿದಾದ ನೆಲವನ್ನು ಕಂಡು ಏನೋ ಕಡಿಮೆಯಾಯಿತೆಂದು ಬೀದರದವರಂತೂ ಎನ್ನಲಾರರು. ೨೦೦೬ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಬಿದರಿ ಕೆಲಸವನ್ನು ನೋಡಿರಿ. ಸತುವೂ ತಾಮ್ರವೂ ಬೆರೆತ ಲೋಹದಲ್ಲಿ ಬೆಳ್ಳಿಯನ್ನು ಕೂಡಿಸಿದ ಮೇಲೆ, ಬೀದರದ ಕೋಟೆಯ ಮಣ್ಣನ್ನು ಬಳಸಿ ನೆಲವನ್ನೆಲ್ಲ ಕಪ್ಪು ಮಾಡುವರು. ಬೆಳ್ಳಿ ಬಿಳಿಯಾಗಿಯೇ ಉಳಿಯುವುದು. ಆ ಕಪ್ಪು ನೆಲವು ಸುಮ್ಮನಿರುವುದರಿಂದಲೇ ಬೆಳ್ಳಿಯ ಬಳ್ಳಿ ಎದ್ದು ಕಾಣುವುದು.

ಮನೆಯಲ್ಲಿ ಗಣಕವಿಲ್ಲದವರೂ ಕೊನೆಯದೊಂದು ಮಾತನ್ನು ಕೇಳಬೇಕು. ಅನೇಕರು ಪೇಟೆಯ ಗಣಕದಂಗಡಿಯಲ್ಲಿ ಅರ್ಜಿ ತುಂಬಿಸುವರು. ಅಲ್ಲಿ ನಿಮ್ಮ ಆಧಾರ್, ಬ್ಯಾಂಕಿನ ಪುಸ್ತಕ, ಮಗಳ ಭಾವಚಿತ್ರ ಇವೆಲ್ಲ ಆ ಅಂಗಡಿಯ ಡೆಸ್ಕ್‌ಟಾಪಿನ ಮೇಲೆ ಇಳಿಯುವುವು. ಕೆಲಸ ಮುಗಿದ ಮೇಲೆ ಅಲ್ಲಿಯೇ ಉಳಿಯುವುವು. ಬೇರೆಯವರ ಕಣದಲ್ಲಿ ನಮ್ಮ ರಾಶಿಯನ್ನು ಬಿಟ್ಟು ಬರುವುದು ಎಂಥ ಜಾಣತನ? ಏಳುವ ಮೊದಲು, “ನಮ್ಮ ಕಡತಗಳನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟು, ಇಲ್ಲಿಯವನ್ನು ಅಳಿಸಿರಿ, ಕಸದ ಬುಟ್ಟಿಯಿಂದಲೂ ತೆಗೆಯಿರಿ” ಎಂದು ವಿನಯದಿಂದ ಕೇಳಿರಿ. ಅರ್ಜಿಯನ್ನು ಕಳುಹಿಸುವ ಮುನ್ನ ಪರದೆಯನ್ನು ನಿಮ್ಮ ಕಡೆಗೆ ತಿರುಗಿಸಿ, ಅರ್ಜಿಯನ್ನೂ ಅಂಕಪಟ್ಟಿಯನ್ನೂ ಪಕ್ಕಪಕ್ಕಕ್ಕೆ ಇಟ್ಟು ತೋರಿಸೆಂದು ಕೇಳುವುದಕ್ಕೂ ನಿಮಗೆ ಹಕ್ಕುಂಟು. ಇದಕ್ಕೆ ಹತ್ತು ನಿಮಿಷ ಹಿಡಿಯಬಹುದು; ಹಿಂದೆ ಜನ ನಿಂತು ಅವಸರಪಡಿಸಬಹುದು. ಆದರೂ ಹೆಸರು ನಿಮ್ಮ ಮಗುವಿನದು.

ಈ ತಿಂಗಳ ಒಂದು ಭಾನುವಾರ ಊಟವಾದ ಮೇಲೆ ಮನೆಯವರೆಲ್ಲ ಕೂಡಿ ಒಂದು ಗಂಟೆಯನ್ನು ಇದಕ್ಕೆ ಕೊಡಿರಿ. ಮೊದಲು ಹಗೇವಿನ ಫೋಲ್ಡರುಗಳನ್ನು ಮಾಡಿರಿ. ಡೆಸ್ಕ್‌ಟಾಪಿನ ಕಡತಗಳನ್ನು ಹೆಸರಿಟ್ಟು ಅವುಗಳಿಗೆ ಸಾಗಿಸಿರಿ. ಪ್ರತಿಯೊಂದನ್ನು ಪೆನ್‌ಡ್ರೈವಿಗೆ ಹಾಕಿರಿ. ಆಮೇಲೆ ಅಂಕಪಟ್ಟಿ ಒಂದು ಕಡೆ, ಆಧಾರ್ ಇನ್ನೊಂದು ಕಡೆ ಇಟ್ಟು ಮಕ್ಕಳ ಹೆಸರುಗಳ ಅಕ್ಷರಗಳನ್ನು ತಾಳೆನೋಡಿರಿ. ವ್ಯತ್ಯಾಸ ಕಂಡರೆ ತಿದ್ದಿಸುವುದಕ್ಕೆ ಅರ್ಜಿಯ ಕಾಲಕ್ಕಿಂತ ಮೊದಲೇ ಸಮಯ ಸಿಕ್ಕುವುದು. ಮನೆಯ ಹಿರಿಯರಿಗೆ ಎಸ್ಕೇಪ್ ಕೀಲಿ ಎಲ್ಲಿದೆಯೆಂಬುದನ್ನು ತೋರಿಸಿಕೊಟ್ಟು, ಎರಡು ಸಲ ಅವರ ಕೈಯಿಂದಲೇ ಒತ್ತಿಸಿರಿ.